ಕೈಸೋತಾಗ ಬಾರ್ಬೆಲ್ ಹಿಡಿಯುವ ಚೌಕಟ್ಟು: ಮನೆಯ ಜಿಮ್‌ಗೆ ಪವರ್ ರ್ಯಾಕ್ ಆರಿಸುವ ಬಗೆ

ನಮ್ಮ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವಾಗ ಎತ್ತುವವನ ಕೈ ಸೋತರೆ ಕಲ್ಲು ಮಣ್ಣಿನ ಮೇಲೆ ಬೀಳುತ್ತದೆ, ಸುತ್ತ ನಿಂತವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಗರಡಿ ಮನೆಯಲ್ಲಿ, ಬೆಳಗಾವಿಯ ತಾಲೀಮುಗಳಲ್ಲಿ ಸಾಮು ಮಾಡುವವನು ಒಬ್ಬನೇ ಇರುವುದು ಅಪರೂಪ. ವಸ್ತಾದರ ಕಣ್ಣು ಅವನ ಮೇಲಿರುತ್ತದೆ, ಜೊತೆಯವರ ಕೈ ಹತ್ತಿರದಲ್ಲೇ ಇರುತ್ತದೆ. ಮನೆಯ ಕೋಣೆಯಲ್ಲಿ ಬಾರ್ಬೆಲ್ ಹಿಡಿದವನ ಸ್ಥಿತಿ ಬೇರೆ. ಬೆಳಗಿನ 5 ಗಂಟೆಗೆ ಮನೆಯವರೆಲ್ಲ ಮಲಗಿರುವಾಗ ಬೆಂಚಿನ ಮೇಲೆ ಅಂಗಾತ ಮಲಗಿ 80 ಕಿಲೊ ಭಾರವನ್ನು ಎದೆಗೆ ಇಳಿಸಿಕೊಂಡವನಿಗೆ, ಅದು ಮರಳಿ ಮೇಲೇಳದಿದ್ದರೆ, ಹಿಂದೆ ಸರಿಯಲು ಜಾಗವೇ ಇಲ್ಲ. ಪವರ್ ರ್ಯಾಕ್ ಇರುವುದು ಆ ಹೊತ್ತಿಗಾಗಿ, ಮತ್ತು ಅದನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳೆಲ್ಲ ಆ ಹೊತ್ತಿನಿಂದಲೇ ಹುಟ್ಟಬೇಕು.

ಪವರ್ ರ್ಯಾಕ್ ಎಂದರೆ ಒಳಗೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿರುವ, ನಾಲ್ಕು ಕಂಬಗಳ ಉಕ್ಕಿನ ಪಂಜರ. ಕಂಬಗಳ ಉದ್ದಕ್ಕೂ ಸಮ ಅಂತರದಲ್ಲಿ ತೂತುಗಳಿರುತ್ತವೆ. ಆ ತೂತುಗಳಲ್ಲಿ ಎರಡು ಬಗೆಯ ಭಾಗಗಳು ಕೂರುತ್ತವೆ: ವ್ಯಾಯಾಮಕ್ಕೆ ಮೊದಲು ಬಾರ್ಬೆಲ್ಲನ್ನು ಹೊತ್ತು ನಿಲ್ಲುವ ಹುಕ್ಕುಗಳು ಮತ್ತು ಕೈಸೋತಾಗ ಬಾರ್ಬೆಲ್ ಬಂದು ಕೂರುವ ಸೇಫ್ಟಿ ಬಾರ್‌ಗಳು. ಕೊಳ್ಳುವವರು ಮೊದಲು ಕಂಬದ ದಪ್ಪ, ಬಣ್ಣ, ಜೊತೆಗೆ ಬರುವ ಪುಲ್ಲಿಗಳನ್ನು ನೋಡುತ್ತಾರೆ, ಸೇಫ್ಟಿ ಬಾರ್‌ಗಳನ್ನು ಕೊನೆಗೆ ನೋಡುತ್ತಾರೆ. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹುಕ್ಕು ಹೊರುವುದು ನಿಂತ ಭಾರವನ್ನು, ಸೇಫ್ಟಿ ಹೊರುವುದು ಬೀಳುವ ಭಾರವನ್ನು. ಇವೆರಡರ ನಡುವಿನ ವ್ಯತ್ಯಾಸ ನಾವು ಊಹಿಸುವುದಕ್ಕಿಂತ ಬಹಳ ದೊಡ್ಡದು.

ಒಂದು ಸರಳ ಲೆಕ್ಕ ನೋಡೋಣ. 100 ಕಿಲೊ ಭಾರದ ಬಾರ್ಬೆಲ್ 30 ಸೆಂಟಿಮೀಟರ್ ಎತ್ತರದಿಂದ ಸೇಫ್ಟಿಯ ಮೇಲೆ ಬೀಳುತ್ತದೆ ಎಂದುಕೊಳ್ಳಿ. ಬೀಳುವಾಗ ಅದು ಗಳಿಸಿದ ಶಕ್ತಿಯೆಲ್ಲ ನಿಲ್ಲುವ ದೂರದಲ್ಲಿ ಖರ್ಚಾಗಬೇಕು. ಉಕ್ಕಿನ ಸೇಫ್ಟಿ 1 ಸೆಂಟಿಮೀಟರ್ ಮಾತ್ರ ಬಾಗಿ ಅದನ್ನು ನಿಲ್ಲಿಸಿತು ಎಂದಾದರೆ, ಆ ಕ್ಷಣದಲ್ಲಿ ಚೌಕಟ್ಟಿನ ಮೇಲೆ ಬೀಳುವ ಸರಾಸರಿ ಬಲ ಬಾರ್ಬೆಲ್ಲಿನ ಭಾರದ ಸುಮಾರು 31 ಪಟ್ಟು, ಅಂದರೆ 3 ಟನ್‌ಗಿಂತ ಹೆಚ್ಚು. ಅದೇ ಬಾರ್ಬೆಲ್ 5 ಸೆಂಟಿಮೀಟರ್ ಇಳಿದು ನಿಂತರೆ ಬಲ 7 ಪಟ್ಟಿಗೆ ತಗ್ಗುತ್ತದೆ. ಬಾರ್ಬೆಲ್ ತಾನೂ ಸ್ವಲ್ಪ ಬಾಗುವುದರಿಂದ ನಿಜವಾದ ಬಲ ಈ ಲೆಕ್ಕಕ್ಕಿಂತ ಕಡಿಮೆಯಿರುತ್ತದೆ, ಆದರೂ ತತ್ತ್ವ ಬದಲಾಗುವುದಿಲ್ಲ. ಮಾರುವವರು ಬರೆಯುವ ‘500 ಕಿಲೊ ಸಾಮರ್ಥ್ಯ’ ಎಂಬ ಮಾತು ಸಾಮಾನ್ಯವಾಗಿ ಅಲುಗಾಡದೆ ಕುಳಿತ ಭಾರದ ಮಾತು. ಆದ್ದರಿಂದ ಆ ಅಂಕಿಯನ್ನು ಕಂಡಾಗ ‘ಇದು ಹುಕ್ಕಿನ ಮಾತೋ, ಸೇಫ್ಟಿಯ ಮಾತೋ, ನಿಂತ ಭಾರದ್ದೋ, ಬೀಳುವ ಭಾರದ್ದೋ’ ಎಂದು ಕೇಳಬೇಕು. ಉತ್ತರ ಸಿಗದಿದ್ದರೆ ಆ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬಾರದು.

ರ್ಯಾಕ್‌ನ ಬಗೆಗಳನ್ನು ಹೋಲಿಸುವಾಗಲೂ ಇದೇ ದೃಷ್ಟಿ ನೆರವಿಗೆ ಬರುತ್ತದೆ. ಸ್ಕ್ವಾಟ್ ಎಂದರೆ ಹೆಗಲ ಮೇಲೆ ಬಾರ್ಬೆಲ್ ಹೊತ್ತು ಕುಳಿತು ಏಳುವ ವ್ಯಾಯಾಮ; ಅದಕ್ಕೆಂದು ಮಾಡಿದ ಎರಡು ಬಿಡಿ ಕಂಬಗಳ ಸ್ಕ್ವಾಟ್ ಸ್ಟ್ಯಾಂಡ್ ಅಗ್ಗ, ಜಾಗವೂ ಕಡಿಮೆ ಸಾಕು. ಆದರೆ ಅದರ ಸೇಫ್ಟಿ ತೋಳುಗಳು ಒಂದೇ ತುದಿಯಲ್ಲಿ ಸಿಕ್ಕಿಕೊಂಡು ಗಾಳಿಯಲ್ಲಿ ಚಾಚಿಕೊಂಡಿರುತ್ತವೆ. ಪಂಜರದ ಒಳಗಲ್ಲದೆ ಕಂಬಗಳ ಮುಂದೆ ನಿಂತು ಎತ್ತುವ ಹಾಫ್ ರ್ಯಾಕ್‌ನಲ್ಲೂ ಹೀಗೆಯೇ. ನಾಲ್ಕು ಕಂಬಗಳ ಪೂರ್ಣ ರ್ಯಾಕ್‌ನಲ್ಲಿ ಸೇಫ್ಟಿ ಬಾರ್ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಹೋಗಿ ಎರಡೂ ತುದಿಗಳಲ್ಲಿ ಆಧಾರ ಪಡೆಯುತ್ತದೆ. ಒಂದೇ ಉದ್ದದ, ಒಂದೇ ದಪ್ಪದ ಎರಡು ಸಲಾಕೆಗಳನ್ನು ತೆಗೆದುಕೊಂಡು, ಒಂದರ ಎರಡೂ ತುದಿಗಳನ್ನು ಆನಿಸಿ ನಡುವೆ ಭಾರವಿಟ್ಟು, ಇನ್ನೊಂದನ್ನು ಒಂದೇ ತುದಿಯಲ್ಲಿ ಬಿಗಿದು ಚಾಚಿದ ತುದಿಯಲ್ಲಿ ಅದೇ ಭಾರವಿಟ್ಟರೆ, ಎರಡನೆಯದರ ಬುಡದಲ್ಲಿ ಬಾಗಿಸುವ ಒತ್ತಡ ಮೊದಲನೆಯದಕ್ಕಿಂತ 4 ಪಟ್ಟು ಹೆಚ್ಚಿರುತ್ತದೆ. ಒಬ್ಬರೇ ವ್ಯಾಯಾಮ ಮಾಡುವವರಿಗೆ, ಕೋಣೆಯಲ್ಲಿ ಜಾಗವಿದ್ದರೆ, ಪೂರ್ಣ ರ್ಯಾಕ್ ಬಿಟ್ಟು ಬೇರೆಯದನ್ನು ನಾನು ಸೂಚಿಸುವುದಿಲ್ಲ.

ಸೇಫ್ಟಿಗಳಲ್ಲಿ ಮೂರು ಬಗೆ ಸಾಮಾನ್ಯ. ಎರಡೂ ಕಂಬಗಳನ್ನು ತೂರಿ ಹೋಗುವ ಗಟ್ಟಿ ಪೈಪು ಸರಳವಾದದ್ದು, ನಂಬಿಕೆಗೆ ಅರ್ಹವಾದದ್ದು. ಎತ್ತರ ಬದಲಿಸುವುದು ಮಾತ್ರ ತುಸು ತ್ರಾಸದ ಕೆಲಸ. ಕಂಬದ ಮುಖಕ್ಕೆ ಸಿಕ್ಕಿಸಿ ತಿರುಗಿಸಿ ಕೂರಿಸುವ ಬಗೆ ಬಳಸಲು ಸುಲಭ, ಆದರೆ ಅದರ ಬಲವೆಲ್ಲ ವೆಲ್ಡಿಂಗ್‌ನಲ್ಲಿ ಮತ್ತು ಪಿನ್ನಿನಲ್ಲಿ ಇರುತ್ತದೆ. ಮೂರನೆಯದು ದಪ್ಪ ನೈಲಾನ್ ಪಟ್ಟಿ. ಬಟ್ಟೆಯ ಪಟ್ಟಿಯನ್ನು ನಂಬಿ ಅದರ ಕೆಳಗೆ ಮಲಗುವುದು ಹೇಗೆ ಎಂದು ಅಳುಕುವವರೇ ಹೆಚ್ಚು. ಆದರೆ ಮೇಲಿನ ಲೆಕ್ಕವನ್ನು ನೆನಪಿಸಿಕೊಂಡರೆ ಪಟ್ಟಿಯ ಗುಣ ತಿಳಿಯುತ್ತದೆ: ಅದು ತುಸು ಬಾಗಿ, ತುಸು ಹಿಗ್ಗಿ ನಿಲ್ಲಿಸುವುದರಿಂದ ಕಂಬಕ್ಕೂ ಬಾರ್ಬೆಲ್ಲಿಗೂ ಪೆಟ್ಟು ಕಡಿಮೆ, ನಸುಕಿನಲ್ಲಿ ಮನೆಯವರ ನಿದ್ದೆ ಕೆಡಿಸುವ ಸದ್ದೂ ಕಡಿಮೆ. ಹೊಲಿಗೆ ಬಿಚ್ಚಿದೆಯೇ, ತೂತಿನ ಅಂಚಿಗೆ ಉಜ್ಜಿ ಎಳೆ ಹರಿದಿದೆಯೇ ಎಂದು ಆಗಾಗ ನೋಡುವ ಶಿಸ್ತು ಇರುವವರು ಅದನ್ನು ನಿಶ್ಚಿಂತೆಯಿಂದ ಬಳಸಬಹುದು.

ಸೇಫ್ಟಿ ಎಷ್ಟೇ ಗಟ್ಟಿಯಿದ್ದರೂ ಸರಿಯಾದ ಎತ್ತರದಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಅದಕ್ಕಾಗಿ ಕಂಬದ ತೂತುಗಳ ಅಂತರವನ್ನು ಅಳೆದು ನೋಡಬೇಕು. ಬೆಂಚ್ ಪ್ರೆಸ್ ಮಾಡುವಾಗ ಎದೆ ಸ್ವಲ್ಪ ಉಬ್ಬಿ, ಬೆನ್ನು ಸ್ವಲ್ಪ ಕಮಾನಾಗಿರುತ್ತದೆ. ಬಾರ್ಬೆಲ್ ಎದೆಗೆ ತಾಗುವ ಈ ಮಟ್ಟಕ್ಕಿಂತ ಒಂದೆರಡು ಸೆಂಟಿಮೀಟರ್ ಕೆಳಗೆ ಸೇಫ್ಟಿ ಇರಬೇಕು. ಹಾಗಿದ್ದರೆ, ಕೈಸೋತಾಗ ಉಸಿರು ಬಿಟ್ಟು ಬೆನ್ನನ್ನು ಬೆಂಚಿಗೆ ಚಪ್ಪಟೆಯಾಗಿ ಒರಗಿಸಿದರೆ ಬಾರ್ಬೆಲ್ ಸೇಫ್ಟಿಯ ಮೇಲೆ ಕೂರುತ್ತದೆ, ಎದೆ ಮತ್ತು ಕುತ್ತಿಗೆ ಅದರ ಕೆಳಗೆ ಬಿಡುವಾಗಿ ಉಳಿಯುತ್ತವೆ. ತೂತುಗಳ ಅಂತರ 50 ಮಿಲಿಮೀಟರ್ ಇದ್ದರೆ, ಒಂದು ತೂತಿನಲ್ಲಿ ಸೇಫ್ಟಿ ಎದೆಗಿಂತ ಮೇಲಿದ್ದು ವ್ಯಾಯಾಮಕ್ಕೆ ಅಡ್ಡಿಯಾಗುತ್ತದೆ, ಅದರ ಕೆಳಗಿನ ತೂತಿನಲ್ಲಿ ಕುತ್ತಿಗೆಯನ್ನು ಕಾಯದಷ್ಟು ತಗ್ಗಾಗುತ್ತದೆ. ಆದ್ದರಿಂದಲೇ ಒಳ್ಳೆಯ ರ್ಯಾಕ್‌ಗಳಲ್ಲಿ ಬೆಂಚಿನ ಎತ್ತರದ ಭಾಗದಲ್ಲಿ ಮಾತ್ರವಾದರೂ ತೂತುಗಳನ್ನು 25 ಮಿಲಿಮೀಟರ್ ಅಂತರದಲ್ಲಿ ಕೊರೆದಿರುತ್ತಾರೆ. ನಿಮ್ಮಲ್ಲಿರುವುದು 50 ಮಿಲಿಮೀಟರ್ ಅಂತರದ್ದೇ ಆದರೆ, ಬೆಂಚಿನ ಕಾಲುಗಳ ಕೆಳಗೆ ಅಗಲವಾದ ಪ್ಲೈವುಡ್ ತುಂಡುಗಳನ್ನು ಅಲುಗದಂತೆ ಕೂರಿಸಿ ಬೆಂಚನ್ನೇ ಬೇಕಾದಷ್ಟು ಎತ್ತರಿಸಬಹುದು. ಸೇಫ್ಟಿ ಇಲ್ಲದ ಬೆಂಚಿನಲ್ಲಿ ಒಬ್ಬರೇ ಇದ್ದಾಗ ಪ್ಲೇಟುಗಳಿಗೆ ಕ್ಲಿಪ್ ಹಾಕಬಾರದು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕ್ಲಿಪ್ ಇಲ್ಲದಿದ್ದರೆ ಬಾರ್ಬೆಲ್ಲನ್ನು ಒಂದು ಬದಿಗೆ ವಾಲಿಸಿ ಪ್ಲೇಟು ಜಾರಿಸಿ ಪಾರಾಗುವ ಒಂದು ದಾರಿಯಾದರೂ ಉಳಿಯುತ್ತದೆ.

ಇನ್ನು ಉಕ್ಕಿನ ಮಾತು. ಅಂಗಡಿಯಲ್ಲಿ ಎಲ್ಲರೂ ‘ಎಷ್ಟು ಗೇಜ್’ ಎಂದೇ ಕೇಳುತ್ತಾರೆ. ಗೇಜ್ ಅಂಕಿ ಕಡಿಮೆಯಾದಷ್ಟೂ ತಗಡು ದಪ್ಪ: 11 ಗೇಜ್ ಎಂದರೆ ಸುಮಾರು 3 ಮಿಲಿಮೀಟರ್, 12 ಗೇಜ್ ಸುಮಾರು 2.6, 14 ಗೇಜ್ ಸುಮಾರು 2. ಆದರೆ ಕಂಬ ಅಲುಗದೆ ನಿಲ್ಲುವುದನ್ನು ಗೋಡೆಯ ದಪ್ಪಕ್ಕಿಂತ ಹೆಚ್ಚಾಗಿ ಪೈಪಿನ ಹೊರ ಅಳತೆ ನಿರ್ಧರಿಸುತ್ತದೆ. 50×50 ಮಿಲಿಮೀಟರಿನ, 2 ಮಿಲಿಮೀಟರ್ ದಪ್ಪದ ಚೌಕು ಪೈಪನ್ನು ಆಧಾರವಾಗಿ ಇಟ್ಟುಕೊಳ್ಳೋಣ. ಅದರ ದಪ್ಪವನ್ನು 3 ಮಿಲಿಮೀಟರಿಗೆ ಏರಿಸಿದರೆ ಬಾಗುವಿಕೆಯನ್ನು ತಡೆಯುವ ಗುಣ ಸುಮಾರು 1.4 ಪಟ್ಟು ಆಗುತ್ತದೆ. ದಪ್ಪವನ್ನು 2 ಮಿಲಿಮೀಟರಿನಲ್ಲೇ ಉಳಿಸಿ ಹೊರ ಅಳತೆಯನ್ನು 75×75ಕ್ಕೆ ಏರಿಸಿದರೆ ಅದೇ ಗುಣ ಸುಮಾರು 3.5 ಪಟ್ಟು ಆಗುತ್ತದೆ. ಎರಡರಲ್ಲೂ ಹೆಚ್ಚುವ ಉಕ್ಕು ಹೆಚ್ಚುಕಡಿಮೆ ಒಂದೇ, ಸುಮಾರು ಅರ್ಧಪಟ್ಟು. ಉಕ್ಕು ಕಿಲೊ ಲೆಕ್ಕದಲ್ಲಿ ಮಾರಾಟವಾಗುವುದರಿಂದ, ಅದೇ ದುಡ್ಡಿಗೆ ಅಗಲವಾದ ಪೈಪು ಕೊಡುವ ಬಿಗಿ ದಪ್ಪ ಪೈಪಿನಿಂದ ಸಿಗುವುದಿಲ್ಲ. ಹಾಗೆಂದು ಗೋಡೆ ತೀರಾ ತೆಳುವಾಗಬಾರದು. ಪಿನ್ನು ಕೂರುವ ತೂತಿನ ಅಂಚಿನಲ್ಲಿ ಭಾರವೆಲ್ಲ ಆ ತೆಳು ತಗಡಿನ ಮೇಲೆಯೇ ಬಿದ್ದು, ಕಾಲಾಂತರದಲ್ಲಿ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಮನೆಯ ಬಳಕೆಗೆ 60×60 ಅಥವಾ 75×75 ಪೈಪು, 2.5ರಿಂದ 3 ಮಿಲಿಮೀಟರ್ ದಪ್ಪ ಸಾಕು ಎಂಬುದು ನನ್ನ ಎಣಿಕೆ.

ಹೇಳಿದ ದಪ್ಪ ನಿಜವಾಗಿ ಇದೆಯೇ ಎಂದು ಪರೀಕ್ಷಿಸುವುದು ಕಷ್ಟವಲ್ಲ. ಪೈಪಿನ ತೆರೆದ ತುದಿಯಲ್ಲಿ ವರ್ನಿಯರ್ ಇಟ್ಟು ಅಳೆಯಬಹುದು. ತುದಿಗೆ ಮುಚ್ಚಳ ಬಡಿದಿದ್ದರೆ ತೂಕ ಹಾಕಬೇಕು: 75×75, 3 ಮಿಲಿಮೀಟರಿನ ಪೈಪು ಮೀಟರಿಗೆ ಸುಮಾರು 6.6 ಕಿಲೊ ತೂಗುತ್ತದೆ, 50×50, 2 ಮಿಲಿಮೀಟರಿನದು ಸುಮಾರು 2.9. ಅಂದರೆ 2.1 ಮೀಟರ್ ಎತ್ತರದ ನಾಲ್ಕು ಕಂಬಗಳೇ ಮೊದಲನೆಯದರಲ್ಲಿ ಸುಮಾರು 55 ಕಿಲೊ, ಎರಡನೆಯದರಲ್ಲಿ 25 ಕಿಲೊ. ‘ಹೆವಿ ಡ್ಯೂಟಿ, 3 ಎಂಎಂ’ ಎಂದು ಬರೆದ ಇಡೀ ರ್ಯಾಕ್ 45 ಕಿಲೊ ತೂಗಿದರೆ ಆ ಬರಹವನ್ನು ನಂಬಬೇಕಾಗಿಲ್ಲ. ಪೈಪು ಭಾರತೀಯ ಮಾನಕ ಐಎಸ್ 4923ರ ಪ್ರಕಾರದ್ದೇ ಎಂದೂ ವಿಚಾರಿಸಬಹುದು. ಕಟ್ಟಡಗಳ ರಚನೆಗೆ ಬಳಸುವ ಚೌಕ ಹಾಗೂ ಆಯತಾಕಾರದ ಟೊಳ್ಳು ಪೈಪುಗಳ ಮಾನಕ ಅದು. ಕಿಟಕಿ, ಗೇಟು, ಮಂಚಗಳಿಗೆಂದು ಮಾರುವ ತೆಳುವಾದ ಪೈಪು ಈ ಕೆಲಸಕ್ಕೆ ತಕ್ಕದ್ದಲ್ಲ.

ಬೋಲ್ಟಿನ ತಲೆಯ ಮೇಲೆ ಅದರ ಬಲದ ದರ್ಜೆ ತಿಳಿಸುವ 8.8 ಎಂಬ ಅಂಕಿ ಒತ್ತಿರಬೇಕು. ಹುಕ್ಕಿನ ಪಿನ್ನಿಗೂ ಕಂಬದ ತೂತಿಗೂ ಒಂದು ಮಿಲಿಮೀಟರಿಗಿಂತ ಹೆಚ್ಚಿನ ಸಡಿಲ ಇರಬಾರದು. ಹುಕ್ಕಿನ ಒಳಮೈಗೆ ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆ ಇದ್ದರೆ ಬಾರ್ಬೆಲ್ಲಿನ ಹಿಡಿತದ ಗೀರುಗಳು ಸವೆಯುವುದಿಲ್ಲ.

ನಮ್ಮಲ್ಲಿ ಹಲವರು ಎಡವುವ ಇನ್ನೊಂದು ಜಾಗವೆಂದರೆ ಬಾರ್ಬೆಲ್ ಮತ್ತು ರ್ಯಾಕ್‌ನ ಅಗಲದ ಹೊಂದಾಣಿಕೆ. ಪೂರ್ಣ ಅಳತೆಯ ಒಲಿಂಪಿಕ್ ಬಾರ್ಬೆಲ್ 2.2 ಮೀಟರ್ ಉದ್ದ, 20 ಕಿಲೊ ತೂಕ. ಪ್ಲೇಟು ಕೂರುವ ಎರಡು ತುದಿಗಳ ನಡುವೆ ಅದರಲ್ಲಿ 1.31 ಮೀಟರ್ ಜಾಗವಿರುತ್ತದೆ. ಹೆಚ್ಚಿನ ಪೂರ್ಣ ರ್ಯಾಕ್‌ಗಳ ಹೊರ ಅಗಲ 1.2 ಮೀಟರಿನ ಆಸುಪಾಸಿನಲ್ಲಿರುವುದು ಈ ಅಳತೆಗೆ ಹೊಂದುವಂತೆ. ಆದರೆ ನಮ್ಮ ಊರುಗಳ ಅಂಗಡಿಗಳಲ್ಲಿ ಮನೆಬಳಕೆಗೆಂದು ಮಾರುವುದು ಹೆಚ್ಚಾಗಿ 4 ಅಥವಾ 5 ಅಡಿಯ ತೆಳುವಾದ ಸಲಾಕೆಗಳನ್ನು. 5 ಅಡಿಯದು ಎರಡು ಹುಕ್ಕುಗಳ ಮೇಲೆ ಕಷ್ಟಪಟ್ಟು ಕುಳಿತರೂ ಪ್ಲೇಟು ಹಾಕಲು ತುದಿಯಲ್ಲಿ ಜಾಗವೇ ಉಳಿಯುವುದಿಲ್ಲ, ತುಸು ಪಕ್ಕಕ್ಕೆ ಸರಿದರೆ ಒಂದು ತುದಿ ಹುಕ್ಕಿನಿಂದ ಜಾರುವ ಭಯವೂ ಇದೆ. ಆದ್ದರಿಂದ ರ್ಯಾಕ್‌ನ ಲೆಕ್ಕ ಹಾಕುವಾಗ 7 ಅಡಿಯ ಬಾರ್ಬೆಲ್ಲಿನ ವೆಚ್ಚವನ್ನೂ ಸೇರಿಸಿಕೊಳ್ಳಬೇಕು.

ಕೋಣೆಯನ್ನು ಅಳೆಯುವುದೂ ಬಾರ್ಬೆಲ್ಲಿನಿಂದಲೇ ಶುರುವಾಗಬೇಕು. 2.2 ಮೀಟರ್ ಉದ್ದಕ್ಕೆ ಎರಡೂ ಬದಿಗೆ ಪ್ಲೇಟು ಹಿಡಿದು ನಿಲ್ಲಲು ಅರ್ಧ ಮೀಟರಾದರೂ ಸೇರಿಸಿದರೆ 3.2 ಮೀಟರ್, ಅಂದರೆ ಹತ್ತೂವರೆ ಅಡಿ ಬೇಕು. 10×12 ಅಡಿಯ ಕೋಣೆಯಲ್ಲಿ ಬಾರ್ಬೆಲ್ 12 ಅಡಿಯ ದಿಕ್ಕಿಗೆ ಮಲಗಬೇಕು. ರ್ಯಾಕ್‌ನ ಒಳ ಆಳ 75 ಸೆಂಟಿಮೀಟರ್ ಇದ್ದರೆ ಬಾರ್ಬೆಲ್ ಹೊತ್ತು ಒಂದೆರಡು ಹೆಜ್ಜೆ ಹಿಂದೆ ಸರಿದು ಸ್ಕ್ವಾಟ್ ಮಾಡಲು ಅಡ್ಡಿಯಿಲ್ಲ. ಎತ್ತರದ ವಿಷಯದಲ್ಲಿ ಎಲ್ಲರೂ ಚಾವಣಿಯನ್ನು ಅಳೆಯುತ್ತಾರೆ, ಫ್ಯಾನನ್ನು ಮರೆಯುತ್ತಾರೆ. 5 ಅಡಿ 8 ಅಂಗುಲ ಎತ್ತರದ ಮನುಷ್ಯ ನಿಂತು ಬಾರ್ಬೆಲ್ಲನ್ನು ತಲೆಯ ಮೇಲೆ ಚಾಚಿದಾಗ 45 ಸೆಂಟಿಮೀಟರ್ ವ್ಯಾಸದ ಪ್ಲೇಟಿನ ಮೇಲಂಚು ಸುಮಾರು 2.3 ಮೀಟರ್ ಮುಟ್ಟುತ್ತದೆ. 7 ಅಡಿ ಎತ್ತರದ ಅಡ್ಡಪಟ್ಟಿಗೆ ಜೋತು ಪುಲ್ ಅಪ್ ಮಾಡುವವನ ತಲೆ 8 ಅಡಿಯನ್ನು ತಲುಪುತ್ತದೆ. 10 ಅಡಿಯ ಚಾವಣಿಯಿಂದ ಇಳಿಬಿದ್ದ ಫ್ಯಾನಿನ ರೆಕ್ಕೆಗೂ ಆ ತಲೆಗೂ ನಡುವೆ ಉಳಿಯುವ ಅಂತರ ಅಪಾಯದ್ದೇ. ರ್ಯಾಕ್ ಬರುವ ಕೋಣೆಯಲ್ಲಿ ಚಾವಣಿ ಫ್ಯಾನನ್ನು ಬಿಚ್ಚಿಸಿ ಗೋಡೆಗೆ ಫ್ಯಾನು ಹಾಕಿಸುವುದು ಒಳ್ಳೆಯದು.

ನೆಲದ ವಿಷಯದಲ್ಲಿ ನಮ್ಮ ಜಿಲ್ಲೆಗಳಿಗೆ ತಮ್ಮದೇ ಆದ ಸಮಸ್ಯೆಗಳಿವೆ. ವಿಜಯಪುರ, ಬಾಗಲಕೋಟೆಗಳ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಎರೆಯನ್ನು ಆಳವಾಗಿ ತೆಗೆದು ಗರಸು ತುಂಬಿ ಗುದ್ದದೆ ಹಾಕಿದ ನೆಲ ಒಂದೆರಡು ಮಳೆಗಾಲದಲ್ಲಿ ಅಲ್ಲಲ್ಲಿ ಏಳುತ್ತದೆ, ಅಲ್ಲಲ್ಲಿ ಕುಸಿಯುತ್ತದೆ. ನನ್ನ ರ್ಯಾಕ್ ಇರುವ ಕೋಣೆಯಲ್ಲಿ ಮೊದಲ ಮಳೆಗಾಲ ಮುಗಿದಾಗ ಖಾಲಿ ಬಾರ್ಬೆಲ್ ಸೇಫ್ಟಿಯ ಮೇಲೆ ತಾನಾಗಿ ಮುಂದಕ್ಕೆ ಉರುಳುತ್ತಿತ್ತು. ರಸಮಟ್ಟ ಇಟ್ಟು ನೋಡಿದಾಗ ಒಂದು ಕಾಲಿನ ಕೆಳಗೆ ಅರ್ಧ ಅಂಗುಲದಷ್ಟು ತಗ್ಗು ಬಿದ್ದಿರುವುದು ತಿಳಿಯಿತು. ಉಕ್ಕಿನ ತಗಡಿನ ತುಂಡುಗಳನ್ನು ಕೊಟ್ಟು ಮಟ್ಟ ಮಾಡಿದೆ. ಅಂದಿನಿಂದ ವರ್ಷಕ್ಕೆ ಎರಡು ಬಾರಿ, ಮಳೆಯ ಮುಂಚೆ ಮತ್ತು ಮಳೆಯ ನಂತರ, ಮಟ್ಟ ನೋಡುತ್ತೇನೆ.

ಹಳೆಯ ಮನೆಗಳ ಶಹಾಬಾದ ಫರಸಿ ನೋಡಲು ಗಟ್ಟಿ, ಆದರೆ ಏಟಿಗೆ ಬಿರಿಯುವ ಕಲ್ಲು, ಮತ್ತು ಅದರ ಕೆಳಗೆ ಗಾರೆ ತುಂಬದ ಪೊಳ್ಳು ಜಾಗಗಳಿರುತ್ತವೆ. ಬೆರಳ ಗಂಟಿನಿಂದ ಬಡಿದರೆ ಪೊಳ್ಳಿನ ಸದ್ದು ಕೇಳಿಸುತ್ತದೆ. ಅಂಥ ಫರಸಿಗೆ ತೂತು ಕೊರೆದು ಆಂಕರ್ ಬೋಲ್ಟ್ ಹಾಕುವುದರಲ್ಲಿ ಅರ್ಥವಿಲ್ಲ. ಬೋಲ್ಟ್ ಕಾಂಕ್ರೀಟನ್ನು ಹಿಡಿಯಬೇಕೇ ಹೊರತು ಒಂದೂವರೆ ಅಂಗುಲದ ಕಲ್ಲನ್ನಲ್ಲ. ಇದಕ್ಕೆ ಒಳ್ಳೆಯ ಪರಿಹಾರ ಪ್ಲೈವುಡ್ಡಿನ ವೇದಿಕೆ. 8×4 ಅಡಿಯ, 18 ಮಿಲಿಮೀಟರಿನ ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿ ಹಾಸಿ, ಅವುಗಳ ಮೇಲೆ ಇನ್ನೆರಡನ್ನು ಅಡ್ಡಲಾಗಿ ಇಟ್ಟು ಸ್ಕ್ರೂ ಬಿಗಿದರೆ 8×8 ಅಡಿಯ ಗಟ್ಟಿ ಹಾಸು ಸಿದ್ಧವಾಗುತ್ತದೆ. ರ್ಯಾಕನ್ನು ಈ ಹಾಸಿಗೇ ಬೋಲ್ಟ್ ಮಾಡಿ, ಪ್ಲೇಟು ಬೀಳುವ ಕಡೆ ರಬ್ಬರ್ ಚಾಪೆ ಹಾಕಬೇಕು. ಹಾಸಿನ ತೂಕ, ಅದರ ಮೇಲೆ ನಿಂತವನ ತೂಕ, ರ್ಯಾಕ್‌ನ ಹಿಂಬದಿಯಲ್ಲಿ ತೂಗುಹಾಕಿದ ಪ್ಲೇಟುಗಳ ತೂಕ ಸೇರಿ ಅದನ್ನು ಮಗುಚದಂತೆ ಹಿಡಿದಿಡುತ್ತವೆ.

ಮೇಲಂತಸ್ತಿನಲ್ಲಿ ರ್ಯಾಕ್ ಇಡಬಹುದೇ ಎಂಬ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಹುಡುಕೋಣ. ವಾಸದ ಕೋಣೆಗಳ ಸ್ಲ್ಯಾಬನ್ನು, ಕಟ್ಟಡಗಳು ಹೊರಬೇಕಾದ ಭಾರದ ಭಾರತೀಯ ಮಾನಕವಾದ ಐಎಸ್ 875ರ ಪ್ರಕಾರ, ಚದರ ಮೀಟರಿಗೆ 2 ಕಿಲೊನ್ಯೂಟನ್, ಅಂದರೆ ಸುಮಾರು 200 ಕಿಲೊ ಬಳಕೆಯ ಭಾರಕ್ಕೆ ವಿನ್ಯಾಸ ಮಾಡಬೇಕು. ಓಡಾಡುವ ತಾರಸಿಗೆ ಈ ಅಂಕಿ 1.5 ಕಿಲೊನ್ಯೂಟನ್, ಸುಮಾರು 150 ಕಿಲೊ. 100 ಕಿಲೊ ರ್ಯಾಕ್, 150 ಕಿಲೊ ಪ್ಲೇಟು, 80 ಕಿಲೊ ಮನುಷ್ಯ ಸೇರಿ 330 ಕಿಲೊ. ಮೇಲೆ ಹೇಳಿದ 8×8 ಅಡಿಯ ಹಾಸು ಸುಮಾರು 6 ಚದರ ಮೀಟರ್ ಆಗುವುದರಿಂದ, ಅದರ ಮೇಲೆ ಹಂಚಿಹೋದ ಈ ಭಾರ ನಿಂತ ಭಾರವಾಗಿ ಚಿಂತೆಯದಲ್ಲ. ಚಿಂತೆ ಇರುವುದು ಕೈಬಿಟ್ಟ ಬಾರ್ಬೆಲ್ಲಿನದು, ಏಕೆಂದರೆ ಬೀಳುವ ಭಾರದ ಲೆಕ್ಕ ನೆಲಕ್ಕೂ ಅನ್ವಯಿಸುತ್ತದೆ. ಸರಿಯಾಗಿ ಕಟ್ಟಿದ ಆರ್‌ಸಿಸಿ ಸ್ಲ್ಯಾಬಿನ ಮೇಲೆ, ಗೋಡೆಯ ಅಥವಾ ಬೀಮಿನ ಹತ್ತಿರ, ಬಾರ್ಬೆಲ್ಲನ್ನು ನೆಲಕ್ಕೆ ಎಸೆಯದ ಶಿಸ್ತಿದ್ದರೆ ರ್ಯಾಕ್ ಇಡಬಹುದು. ಮರದ ತೊಲೆಗಳ ಮೇಲೆ ಮಣ್ಣು ಹಾಕಿದ ಹಳೆಯ ಮಾಳಿಗೆಯ ಮೇಲೆ ಖಂಡಿತ ಇಡಬಾರದು.

ಗೋಡೆಗೆ ಬಿಗಿದು ಮಡಚಿಡುವ ರ್ಯಾಕ್‌ಗಳು ಸಣ್ಣ ಮನೆಯವರನ್ನು ಆಕರ್ಷಿಸುತ್ತವೆ. ಅವುಗಳ ಯೋಗ್ಯತೆ ಗೋಡೆಯ ಯೋಗ್ಯತೆಗಿಂತ ಹೆಚ್ಚಿರಲಾರದು. ಬೆಳಗಾವಿ, ಖಾನಾಪುರದ ಕಡೆಯ ಜಂಬಿಟ್ಟಿಗೆ ಕಲ್ಲು ಮೆದು, ರಂಧ್ರಮಯ; ಮಣ್ಣು ಮೆತ್ತಿದ ಹಳೆಯ ಕಲ್ಲಿನ ಗೋಡೆ ಎಷ್ಟೇ ದಪ್ಪವಿದ್ದರೂ ಒಳಗೆ ಸಡಿಲ. ಕಾಂಕ್ರೀಟಿನ ಕಂಬ ಅಥವಾ ಬೀಮು ಸಿಗದ ಕಡೆ ಈ ಬಗೆಯ ರ್ಯಾಕ್ ಬೇಡ.

ಬೆಳಗಾವಿಯ ಸುತ್ತಮುತ್ತ ಇರುವವರಿಗೆ ಒಂದು ಅನುಕೂಲವಿದೆ. ಅಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್, ಫ್ಯಾಬ್ರಿಕೇಶನ್ ಕೆಲಸ ಬಲ್ಲವರು ಒಂದೇ ಕಡೆ ಇದ್ದಾರೆ. ಅಳತೆ ಕೊಟ್ಟು ರ್ಯಾಕ್ ಮಾಡಿಸುವುದು ಸಾಧ್ಯ, ಆದರೆ ಕೆಲವು ಮಾತುಗಳನ್ನು ಮೊದಲೇ ಕಾಗದದ ಮೇಲೆ ಬರೆದು ಕೊಡಬೇಕು. ತೂತುಗಳನ್ನು ಕೈ ಡ್ರಿಲ್ಲಿನಿಂದ ಒಂದೊಂದಾಗಿ ಕೊರೆಯದೆ ಲೇಸರ್‌ನಲ್ಲಿ ಕತ್ತರಿಸಬೇಕು, ಇಲ್ಲವೇ ತೂತಿನ ಜಾಗ ತೋರಿಸುವ ಒಂದೇ ಅಚ್ಚನ್ನು (ಜಿಗ್) ನಾಲ್ಕೂ ಕಂಬಗಳಿಗೆ ಬಳಸಬೇಕು. ಎಡ ಬಲಗಳ ನಡುವೆ 3 ಮಿಲಿಮೀಟರ್ ವ್ಯತ್ಯಾಸ ಬಂದರೂ ಬಾರ್ಬೆಲ್ ಓರೆಯಾಗಿ ಕೂರುತ್ತದೆ. ವೆಲ್ಡಿಂಗ್ ಅಲ್ಲಲ್ಲಿ ಚುಕ್ಕೆ ಇಟ್ಟಂತಿರದೆ ಜೋಡಣೆಯ ಸುತ್ತಲೂ ಇರಬೇಕು, ಮೂಲೆಗಳಿಗೆ ತ್ರಿಕೋನದ ಗಸೆಟ್ ಪ್ಲೇಟು ಬೇಕು. ಹುಕ್ಕು ಮತ್ತು ಸೇಫ್ಟಿಯ ಪಿನ್ನುಗಳು ಘನವಾದ ಸಲಾಕೆಯಿಂದ ಆಗಬೇಕು, ಪೈಪಿನ ತುಂಡಿನಿಂದ ಬೇಡ. ಬಣ್ಣ ಬಳಿಯುವುದಕ್ಕಿಂತ ಪೌಡರ್ ಕೋಟಿಂಗ್ ಮೇಲು, ಅದಕ್ಕೂ ಮೊದಲು ತುಕ್ಕು ಮತ್ತು ಎಣ್ಣೆ ಪೂರ್ತಿ ತೆಗೆದಿರಬೇಕು. ವಿಜಯಪುರದ ಸುಮಾರು ಎರಡು ಪಟ್ಟು ಮಳೆ ಬೀಳುವ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಮೊದಲು ಹಿಡಿಯುವುದು ತೂತಿನ ಅಂಚುಗಳನ್ನು. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ತೆಳುವಾಗಿ ಎಣ್ಣೆ ಒರೆಸಿದರೆ ಸಾಕಾಗುತ್ತದೆ.

ಪುಲ್ಲಿ, ಕೈಯೂರಿ ಮೈ ಎತ್ತುವ ಡಿಪ್ ಹಿಡಿಕೆ, ಬಾರ್ಬೆಲ್ಲಿನ ಒಂದು ತುದಿಯನ್ನು ನೆಲದ ಬಳಿ ಹಿಡಿದಿಡುವ ಲ್ಯಾಂಡ್‌ಮೈನ್ ಮುಂತಾದ ಜೋಡಣೆಗಳನ್ನು ಆಮೇಲೆ ಸೇರಿಸಿಕೊಳ್ಳಬಹುದು. ತೂತಿನ ವ್ಯಾಸ ಮತ್ತು ಪೈಪಿನ ಅಳತೆ ಬಳಕೆಯಲ್ಲಿರುವ ಅಳತೆಯೇ ಆಗಿರುವಂತೆ ಈಗ ನೋಡಿಕೊಂಡರೆ ಸಾಕು.

ರ್ಯಾಕ್ ಜೋಡಿಸಿದ ದಿನವೇ ಅದರ ಕೆಳಗೆ ಮಲಗಬಾರದು. ಬೋಲ್ಟುಗಳನ್ನೆಲ್ಲ ಅರ್ಧ ಬಿಗಿದು, ಕಂಬಗಳನ್ನು ಲಂಬಕ್ಕೆ ತಂದು, ಮೂಲೆಯಿಂದ ಮೂಲೆಗೆ ಅಳೆದು ಎರಡೂ ಕರ್ಣಗಳು ಸಮವಾದ ಮೇಲೆ ಪೂರ್ತಿ ಬಿಗಿಯಬೇಕು. ನಂತರ ಸೇಫ್ಟಿಗಳನ್ನು ಬೆಂಚಿನ ಎತ್ತರಕ್ಕೆ ಕೂರಿಸಿ, ನೀವು ಎತ್ತುವ ಗರಿಷ್ಠ ಭಾರವನ್ನು ಬಾರ್ಬೆಲ್ಲಿಗೆ ಹಾಕಿ ಅವುಗಳ ಮೇಲೆ ನಿಧಾನವಾಗಿ ಇಳಿಸಿ ಬಿಡಬೇಕು. ಒಂದು ರಾತ್ರಿ ಹಾಗೆಯೇ ಇದ್ದು ಬೆಳಿಗ್ಗೆ ನೋಡಿದಾಗ ಯಾವ ತೂತೂ ಹಿಗ್ಗಿರಬಾರದು, ವೆಲ್ಡಿಂಗ್‌ನ ಅಂಚಿನಲ್ಲಿ ಬಣ್ಣ ಸೀಳಿರಬಾರದು. ಆಮೇಲೆ ಖಾಲಿ ಬಾರ್ಬೆಲ್ ಹಿಡಿದು ಬೆಂಚಿನ ಮೇಲೆ ಮಲಗಿ, ಕೈಸೋತವರಂತೆ ಅದನ್ನು ಸೇಫ್ಟಿಯ ಮೇಲೆ ಇಳಿಸಿ, ಕೆಳಗಿನಿಂದ ಜಾರಿಕೊಂಡು ಹೊರಬರುವುದನ್ನು ನಾಲ್ಕೈದು ಸಲ ಅಭ್ಯಾಸ ಮಾಡಬೇಕು. ಹೊರಬರುವಾಗ ಹಣೆಯೋ ಮೂಗೋ ತಾಗಿದರೆ ಸೇಫ್ಟಿಯನ್ನು ಒಂದು ತೂತು ಮೇಲಕ್ಕೆ ತರಬೇಕು, ಅದರಿಂದ ಎದೆಗೆ ಅಡ್ಡಿಯಾದರೆ ಬೆಂಚನ್ನು ಎತ್ತರಿಸಬೇಕು. ಹೊಂದಿಕೆಯಾದ ತೂತಿನ ಪಕ್ಕದಲ್ಲಿ ನಾಲ್ಕೂ ಕಂಬಗಳ ಮೇಲೆ ಬಿಳಿ ಬಣ್ಣದ ಗುರುತು ಹಾಕಿಡಿ. ನಸುಕಿನ ಅರೆಗತ್ತಲಲ್ಲಿ ತೂತುಗಳನ್ನು ಎಣಿಸುವ ಕೆಲಸ ತಪ್ಪುತ್ತದೆ. ಮೊದಲ ವಾರ ಮುಗಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಪಾನಾ ಹಾಕಿ ನೋಡಿ, ಒಂದೆರಡಾದರೂ ಕಾಲು ಸುತ್ತು ತಿರುಗುತ್ತವೆ.